ಆಟಕ್ಕೆ ಸೇರಿಸಲ್ಲ ಅಂದರೆ, ಕಾರಣ ಬರೆದುಕೊಡಿ ಅನ್ನಿ: ವಿಕಲಚೇತನ ಮಕ್ಕಳ ಕ್ರೀಡಾ ಹಕ್ಕು

ಪಿ.ಟಿ. ಪೀರಿಯಡ್ ಬಂದರೆ ಕ್ಲಾಸಿಗೆ ಕ್ಲಾಸೇ ಮೈದಾನಕ್ಕೆ ಓಡುತ್ತದೆ. ಒಂದು ಮಗು ಮಾತ್ರ ಮರದ ಕೆಳಗೆ ಕೂತು ಎಲ್ಲರ ಬ್ಯಾಗು, ಚಪ್ಪಲಿ, ನೀರಿನ ಬಾಟಲಿ ಕಾಯುತ್ತದೆ. ಜಗಳೂರಿನ ಹಳ್ಳಿ ಶಾಲೆಯಿರಲಿ, ದಾವಣಗೆರೆ ಪೇಟೆಯ ದೊಡ್ಡ ಕಾನ್ವೆಂಟ್ ಇರಲಿ, ಈ ಮಗು ನಮಗೆಲ್ಲ ಗೊತ್ತಿರುವ ಮಗುವೇ. ಒಂದು ಕಾಲು ಎಳೆದು ನಡೆಯುವ ಹುಡುಗ. ಕಿವಿ ಕೇಳದ ಹುಡುಗಿ. ದಪ್ಪ ಕನ್ನಡಕ ಹಾಕಿದರೂ ಚೆಂಡು ಕಾಣದವನು. ಹಾಗಂತ ಮೇಷ್ಟ್ರು ಕೆಟ್ಟವರಲ್ಲ. 'ಬಿದ್ದು ಗಿದ್ದು ಏನಾದರೂ ಆದರೆ ಯಾರು ಹೊಣೆ' ಅನ್ನುವ ಭಯ ಅವರದು. ಅಪ್ಪ ಅಮ್ಮನಿಗೂ ಅದೇ ಭಯ. ಎಲ್ಲರೂ ಸೇರಿ, ಪ್ರೀತಿಯಿಂದಲೇ, ಮಗುವನ್ನು ಆಟದಿಂದ ಹೊರಗೆ ಕೂರಿಸುತ್ತಾರೆ.

ಕಾನೂನು ಇದನ್ನು ಒಪ್ಪುವುದಿಲ್ಲ. ಆಟ ಅನ್ನೋದು ಶಾಲೆಯವರು ಮನಸ್ಸಿದ್ದರೆ ಕೊಡುವ, ಇಲ್ಲದಿದ್ದರೆ ಬಿಡುವ ಸೌಲಭ್ಯ ಅಲ್ಲ. ಅದು ಮಗುವಿನ ಹಕ್ಕು. ಈ ಹಕ್ಕು ಎಲ್ಲಿ ಬರೆದಿದೆ, ಎಷ್ಟು ದೂರ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಕೇಳೋದು ಹೇಗೆ ಅನ್ನುವುದನ್ನು ನೋಡೋಣ.

ಮೂಲ ಇರುವುದು ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ. 2017ರ ಏಪ್ರಿಲ್ 19ರಿಂದ ಇದು ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ 7 ಬಗೆಯ ವೈಕಲ್ಯವನ್ನಷ್ಟೇ ಗುರುತಿಸಿತ್ತು. ಹೊಸದು 21 ಬಗೆಗಳನ್ನು ಗುರುತಿಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಕುಬ್ಜತೆ, ಓದು ಬರಹದ ಕಲಿಕಾ ನ್ಯೂನತೆ, ಹಿಮೋಫಿಲಿಯಾ, ಥಲಸ್ಸೀಮಿಯಾ ಎಲ್ಲವೂ ಇದರಲ್ಲಿವೆ. ನೋಡಿದರೆ 'ಏನೂ ತೊಂದರೆ ಇಲ್ವಲ್ಲ' ಅನ್ನಿಸುವ ಎಷ್ಟೋ ಮಕ್ಕಳು ಈ ಕಾಯ್ದೆಯೊಳಗೆ ಬರುತ್ತಾರೆ.

ಆಟದ ಬಗ್ಗೆ ಈ ಕಾಯ್ದೆ ಎರಡು ಕಡೆ ನೇರವಾಗಿ ಮಾತಾಡುತ್ತದೆ. ಮೊದಲನೆಯದು 16ನೇ ಸೆಕ್ಷನ್. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಯೂ ವಿಕಲಚೇತನ ಮಕ್ಕಳಿಗೆ ಉಳಿದವರಂತೆಯೇ ಶಿಕ್ಷಣ ಕೊಡಬೇಕು, ಕ್ರೀಡೆ ಮತ್ತು ಮನರಂಜನೆಯ ಅವಕಾಶವನ್ನೂ ಸಮಾನವಾಗಿ ಕೊಡಬೇಕು ಅಂತ ಅದು ಹೇಳುತ್ತದೆ. 'ಮಾನ್ಯತೆ ಪಡೆದ' ಅನ್ನುವ ಮಾತು ಗಮನಿಸಿ. ಸರ್ಕಾರದಿಂದ ಒಂದು ರೂಪಾಯಿಯನ್ನೂ ಪಡೆಯದ ಖಾಸಗಿ ಶಾಲೆಗೂ ಮಾನ್ಯತೆ ಬೇಕೇ ಬೇಕು. ಹಾಗಾಗಿ ಅದೂ ಇದರೊಳಗೆ ಬಂತು.

ಎರಡನೆಯದು 30ನೇ ಸೆಕ್ಷನ್. ಇದು ಪೂರ್ತಿ ಕ್ರೀಡೆಗೇ ಮೀಸಲು. ಕ್ರೀಡಾ ಇಲಾಖೆ, ಕ್ರೀಡಾ ಪ್ರಾಧಿಕಾರಗಳು ವಿಕಲಚೇತನರ ಆಡುವ ಹಕ್ಕನ್ನು ಗುರುತಿಸಬೇಕು. ತಮ್ಮ ಯೋಜನೆಗಳಲ್ಲಿ ಅವರಿಗೆ ಜಾಗ ಮಾಡಿಕೊಡಬೇಕು. ತರಬೇತಿಯ ಕ್ರಮವನ್ನೇ ಬದಲಿಸಬೇಕು, ಮೈದಾನ ಮತ್ತು ಕಟ್ಟಡಗಳನ್ನು ಮರುವಿನ್ಯಾಸ ಮಾಡಬೇಕು, ಹಣ ತೆಗೆದಿಡಬೇಕು. ಅಂದರೆ ಜಿಲ್ಲಾ ಕ್ರೀಡಾಂಗಣದಲ್ಲಿ ನಡೆಯುವ ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಿದ ಮಗುವಿಗೆ 'ಇದು ನಾರ್ಮಲ್ ಮಕ್ಕಳಿಗೆ ಮಾತ್ರ' ಅಂತ ಹೇಳುವ ಹಾಗಿಲ್ಲ. ಅಂಥ ಶಿಬಿರಗಳೂ ಈ ಸೆಕ್ಷನ್ ಹೇಳುವ ಯೋಜನೆಗಳೇ.

ಇದು ನಮ್ಮ ಕಾಯ್ದೆ ಒಂದೇ ಹೇಳುವ ಮಾತಲ್ಲ. ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಗೆ ಭಾರತ 2007ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ 30ನೇ ವಿಧಿಯಲ್ಲಿ ಮಕ್ಕಳ ಆಟದ ಬಗ್ಗೆಯೇ ಪ್ರತ್ಯೇಕವಾಗಿ ಹೇಳಿದೆ, ಶಾಲೆಯಲ್ಲಿ ನಡೆಯುವ ಆಟವನ್ನೂ ಸೇರಿಸಿ.

ಇಲ್ಲಿ ತುಂಬಾ ಜನ ಎಡವುವ ಒಂದು ವಿಷಯವಿದೆ. 'ನಿಮ್ಮ ಮಗುವಿನ ಸರ್ಟಿಫಿಕೇಟ್‌ನಲ್ಲಿ ಶೇ 40 ವೈಕಲ್ಯ ಅಂತ ಇಲ್ಲ, ಹಾಗಾಗಿ ಏನೂ ಅನ್ವಯಿಸಲ್ಲ' ಅನ್ನುವ ಉತ್ತರ ಕಚೇರಿಗಳಲ್ಲಿ ಸಿಗುತ್ತದೆ. ಇದು ತಪ್ಪು. ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ ಶೇ 40ರ ಗೆರೆ ಇದೆ, ನಿಜ. ಆದರೆ ತಾರತಮ್ಯ ಮಾಡಬಾರದು ಅನ್ನುವ 3ನೇ ಸೆಕ್ಷನ್‌ಗಾಗಲಿ, ಮೇಲೆ ಹೇಳಿದ 16 ಮತ್ತು 30ನೇ ಸೆಕ್ಷನ್‌ಗಳಿಗಾಗಲಿ ಆ ಗೆರೆ ಇಲ್ಲ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಅದು ಪರೀಕ್ಷೆ ಬರೆಯಲು ಸಹಾಯಕರನ್ನು ಕೇಳಿದ ಅಭ್ಯರ್ಥಿಯ ಪ್ರಕರಣ. ಬೇಕಾದ ಹೊಂದಾಣಿಕೆ ಮಾಡಿಕೊಡೋದಕ್ಕೆ ಶೇ 40 ಇರಲೇಬೇಕು ಅನ್ನುವಂತಿಲ್ಲ ಅಂತ ಕೋರ್ಟ್ ಹೇಳಿತು. ಅದೇ ತರ್ಕ ಮೈದಾನಕ್ಕೂ ಹೊಂದುತ್ತದೆ.

ಹೊಂದಾಣಿಕೆ ಅಂದರೆ ಏನು?

ಇಡೀ ಕಾಯ್ದೆಯ ಜೀವ ಇರುವುದು ಇದರಲ್ಲಿ. ಒಂದು ಮಗು ಉಳಿದವರ ಜೊತೆ ಭಾಗವಹಿಸಲು ಬೇಕಾದ ಸಣ್ಣಪುಟ್ಟ ಬದಲಾವಣೆ ಮಾಡಿಕೊಡಬೇಕು. ಆ ಬದಲಾವಣೆ ಸಂಸ್ಥೆಗೆ ಅತಿಯಾದ ಹೊರೆ ಆಗಬಾರದು. ಹೊರೆಯಲ್ಲದಿದ್ದರೂ ಮಾಡಿಕೊಡದೆ ಹೋದರೆ ಅದೇ ತಾರತಮ್ಯ. ಸುಮ್ನೆ ಇರೋದು ಕೂಡ ತಪ್ಪಾಗುತ್ತದೆ.

ವಲಯ ಮಟ್ಟದ ಕ್ರೀಡಾಕೂಟದ 100 ಮೀಟರ್ ಓಟವನ್ನು ಒಮ್ಮೆ ಹತ್ತಿರದಿಂದ ನೋಡಿ. ಸುಣ್ಣದಲ್ಲಿ ಎಳೆದ ಗೆರೆ. ಪಿ.ಇ. ಟೀಚರ್ ಪಕ್ಕದಲ್ಲಿ ನಿಂತು ಸೀಟಿ ಊದುತ್ತಾರೆ. ಕಿವಿ ಕೇಳದ ಹುಡುಗಿ ಸೀಟಿಗಾಗಿ ಕಾಯಲು ಆಗಲ್ಲ. ಪಕ್ಕದವಳ ಕಾಲು ಕದಲಿದ್ದನ್ನು ಕಂಡ ಮೇಲೆ ಓಡಲು ಶುರು ಮಾಡುತ್ತಾಳೆ. ಅಷ್ಟರಲ್ಲಿ ಎರಡು ಹೆಜ್ಜೆ ಹೋಯಿತು. 100 ಮೀಟರ್‌ನಲ್ಲಿ ಎರಡು ಹೆಜ್ಜೆ ಅಂದರೆ ಓಟವೇ ಹೋದ ಹಾಗೆ. ಕೊನೆಗೆ ಬಂದಳು, 'ಪಾಪ' ಅಂದರು, ಮುಗಿಯಿತು. ಈಗ ಅದೇ ಟೀಚರ್ ಓಟಗಾರರ ಮುಂದೆ, ಲೇನಿನ ಪಕ್ಕಕ್ಕೆ, ಎಲ್ಲರಿಗೂ ಕಾಣುವ ಹಾಗೆ ನಿಂತು, ಸೀಟಿ ಊದುತ್ತಲೇ ಕೆಂಪು ಬಾವುಟವನ್ನು ಕೆಳಗಿಳಿಸಲಿ. ಖರ್ಚು ಒಂದು ತುಂಡು ಬಟ್ಟೆ. ಬೇರೆ ಓಟಗಾರರಿಗೆ ಒಂದಿಷ್ಟೂ ನಷ್ಟವಿಲ್ಲ. ಆ ಹುಡುಗಿಗೆ ಯಾವ ರಿಯಾಯಿತಿಯೂ ಸಿಗಲಿಲ್ಲ, ಉಳಿದವರ ಜೊತೆಗೇ ಹೊರಟಳು ಅಷ್ಟೇ. ಇನ್ನು ಗೆಲ್ಲೋದು ಸೋಲೋದು ಅವಳ ಕಾಲಿಗೆ ಬಿಟ್ಟದ್ದು.

ಅಂಧರ ಕ್ರಿಕೆಟ್‌ನಲ್ಲಿ ಚೆಂಡು ಗಟ್ಟಿ ಪ್ಲಾಸ್ಟಿಕ್‌ನದು. ಒಳಗೆ ಸಣ್ಣ ಗುಂಡುಗಳಿರುತ್ತವೆ, ಉರುಳಿದರೆ ಗಲಗಲ ಸದ್ದು. ಬೌಲರ್ ಕೈ ಕೆಳಗಿನಿಂದ ಎಸೆಯುತ್ತಾನೆ. ಎಸೆಯುವ ಮುಂಚೆ 'ರೆಡಿ?' ಅಂತ ಕೇಳುತ್ತಾನೆ, ಬ್ಯಾಟ್ಸ್‌ಮನ್ 'ಯೆಸ್' ಅಂದ ಮೇಲೆ 'ಪ್ಲೇ' ಅಂದು ಎಸೆಯುತ್ತಾನೆ. ಆಟ ಕ್ರಿಕೆಟ್ಟೇ. ಇದನ್ನು ಶಾಲೆಯಲ್ಲಿ ಕಣ್ಣು ಕಾಣುವ ಮಕ್ಕಳ ಜೊತೆ ಸೇರಿಸಿ ಆಡಿಸಲು ಒಂದು ಸದ್ದಿನ ಚೆಂಡು ಮತ್ತು ಒಬ್ಬ ಉತ್ಸಾಹಿ ಶಿಕ್ಷಕರು ಸಾಕು.

ಚಿಕ್ಕಮಗಳೂರಿನ ರಕ್ಷಿತಾ ರಾಜು ಅವರನ್ನೇ ನೋಡಿ. ಪೂರ್ತಿ ಕಣ್ಣು ಕಾಣದವರ ಟಿ11 ವಿಭಾಗದಲ್ಲಿ 1500 ಮೀಟರ್ ಓಡುತ್ತಾರೆ. 2018ರ ಮತ್ತು 2023ರಲ್ಲಿ ನಡೆದ ಏಷ್ಯನ್ ಪ್ಯಾರಾ ಗೇಮ್ಸ್‌ಗಳಲ್ಲಿ ಚಿನ್ನ ಗೆದ್ದರು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಹೋದರು. ಈ ವಿಭಾಗದಲ್ಲಿ ಓಟಗಾರರ ಪಕ್ಕದಲ್ಲೇ ಒಬ್ಬ ಗೈಡ್ ಓಡುತ್ತಾರೆ. ಇಬ್ಬರ ಕೈಗೂ ಒಂದು ಚಿಕ್ಕ ಪಟ್ಟಿ. ಗೈಡ್ ಎಳೆದುಕೊಂಡು ಹೋಗುವಂತಿಲ್ಲ, ಗೆರೆಯನ್ನು ಓಟಗಾರರೇ ಮೊದಲು ದಾಟಬೇಕು. ಹೊಂದಾಣಿಕೆಯೂ ಇದೆ, ಸ್ಪರ್ಧೆಯ ಶಿಸ್ತೂ ಇದೆ. 'ಒಂದು ನಿಯಮ ಸಡಿಲಿಸಿದರೆ ಆಟವೇ ಕೆಡುತ್ತದೆ' ಅನ್ನುವವರಿಗೆ ನಾನು ಕೊಡುವ ಉತ್ತರ ಇದು.

ಆಟ ಕೆಡುತ್ತದಾ ಇಲ್ಲವಾ ಅನ್ನುವ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಕೇಸಿ ಮಾರ್ಟಿನ್ ಅನ್ನುವ ಗಾಲ್ಫ್ ಆಟಗಾರನಿಗೆ ಬಲಗಾಲಿನ ರಕ್ತಸಂಚಾರದ ತೊಂದರೆ ಇತ್ತು. ಹೊಡೆತದಿಂದ ಹೊಡೆತಕ್ಕೆ ನಡೆಯುವ ಬದಲು ಗಾಡಿಯಲ್ಲಿ ಹೋಗಲು ಬಿಡಿ ಅಂತ ಕೇಳಿದ. ಸಂಘಟಕರು ಒಪ್ಪಲಿಲ್ಲ. 2001ರಲ್ಲಿ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಗಾಲ್ಫ್‌ನ ತಿರುಳು ಚೆಂಡನ್ನು ಹೊಡೆಯೋದು, ನಡೆಯೋದಲ್ಲ ಅಂತ. ಅಲ್ಲಿನ ಕಾನೂನು ನಮಗೆ ಅನ್ವಯಿಸುವುದಿಲ್ಲ. ಆದರೆ ಪಿ.ಇ. ಟೀಚರ್ ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದರಲ್ಲಿದೆ. ಈ ಆಟದ ತಿರುಳು ಯಾವುದು, ಬರೀ ರೂಢಿ ಯಾವುದು?

ಹಾಗಾದರೆ ಇಲ್ಲ ಅನ್ನುವ ಹಾಗೇ ಇಲ್ಲವಾ?

ಇದೆ. ಕಾಯ್ದೆ ಕಣ್ಣು ಮುಚ್ಚಿ ಎಲ್ಲರನ್ನೂ ಎಲ್ಲ ಆಟಕ್ಕೂ ಇಳಿಸಿ ಅನ್ನುವುದಿಲ್ಲ. 3ನೇ ಸೆಕ್ಷನ್‌ನಲ್ಲೇ ಒಂದು ವಿನಾಯಿತಿ ಇದೆ. ಹೊರಗಿಟ್ಟಿದ್ದಕ್ಕೆ ನ್ಯಾಯವಾದ ಉದ್ದೇಶ ಇರಬೇಕು, ಇಟ್ಟ ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಅದನ್ನು ತೋರಿಸಬೇಕಾದವರು ಹೊರಗಿಟ್ಟವರು. ಮಗುವಲ್ಲ, ಅಪ್ಪ ಅಮ್ಮನೂ ಅಲ್ಲ.

ಹಿಮೋಫಿಲಿಯಾದ ಉದಾಹರಣೆ ತಗೊಳ್ಳಿ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ನಮ್ಮ ದಾವಣಗೆರೆಯಲ್ಲೇ ಇರುವುದರಿಂದ ಈ ಊರಿನವರಿಗೆ ಇದು ಕೇಳಿ ಗೊತ್ತಿರುವ ಕಾಯಿಲೆ. ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಪೆಟ್ಟು ಬಿದ್ದರೆ ಕೀಲಿನೊಳಗೆ, ಸ್ನಾಯುವಿನೊಳಗೆ ರಕ್ತಸ್ರಾವ ಆಗಬಹುದು. ಅಂಥ ಹುಡುಗನನ್ನು ಕಬಡ್ಡಿ ಅಂಕಣಕ್ಕೆ ಬಿಡಲ್ಲ ಅಂದರೆ ಅದಕ್ಕೆ ಗಟ್ಟಿ ಕಾರಣ ಇದೆ. ಆದರೆ ಅದೇ ಕಾರಣ ಹೇಳಿ ಎಲ್ಲ ಆಟದಿಂದಲೂ ಹೊರಗಿಟ್ಟರೆ? ಅಲ್ಲಿ ಕಾನೂನಿನ ಸಮಸ್ಯೆ ಶುರುವಾಗುತ್ತದೆ. ಈಜು ಈ ಮಕ್ಕಳಿಗೆ ಒಳ್ಳೆಯದು ಅಂತ ವೈದ್ಯರೇ ಹೇಳುತ್ತಾರೆ. ಸ್ನಾಯು ಬಲವಾದರೆ ಕೀಲಿಗೆ ರಕ್ಷಣೆ ಸಿಗುತ್ತದೆ. ಈ ಮಗುವಿಗೆ ಯಾವ ಆಟ ಆಗುತ್ತದೆ, ಯಾವುದು ಆಗಲ್ಲ ಅಂತ ಅವನ ವೈದ್ಯರನ್ನು ಕೇಳಿ ತೀರ್ಮಾನಿಸಬೇಕು. ಕಾಯಿಲೆಯ ಹೆಸರು ನೋಡಿ ತೀರ್ಮಾನಿಸುವಂತಿಲ್ಲ.

ಇನ್ನೊಂದು ಮಿತಿ ತಂಡದ ಆಯ್ಕೆ. ಜಿಲ್ಲಾ ತಂಡಕ್ಕೆ ಆಯ್ಕೆ ನಡೆಯುವಾಗ ಕಾನೂನು ಜಾಗವನ್ನು ಖಾತ್ರಿ ಮಾಡುವುದಿಲ್ಲ, ಅವಕಾಶವನ್ನು ಖಾತ್ರಿ ಮಾಡುತ್ತದೆ. ಟ್ರಯಲ್ಸ್‌ಗೆ ಬಿಡಬೇಕು, ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು, ಆಮೇಲೆ ಆಟ ನೋಡಿ ತೀರ್ಮಾನಿಸಬೇಕು. ಇದು ಸ್ಪರ್ಧೆಯ ಮಾತು. ದಿನದ ಪಿ.ಟಿ. ಪೀರಿಯಡ್ ಸ್ಪರ್ಧೆ ಅಲ್ಲ, ಅದು ಪಾಠ. ಗಣಿತ ಬರಲ್ಲ ಅಂತ ಗಣಿತದ ಕ್ಲಾಸಿನಿಂದ ಯಾರನ್ನೂ ಮರದ ಕೆಳಗೆ ಕಳಿಸಲ್ಲ, ಅಲ್ವಾ?

ಖಾಸಗಿ ಕೋಚಿಂಗ್ ಸೆಂಟರ್‌ಗಳ ವಿಷಯಕ್ಕೆ ಬರೋಣ. ಬ್ಯಾಡ್ಮಿಂಟನ್, ಕರಾಟೆ, ಸ್ಕೇಟಿಂಗ್, ಈಜು, ಈಗ ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಇವು ಜಾಸ್ತಿ ಆಗಿವೆ. 'ನಾವು ಪ್ರೈವೇಟ್, ನಮಗೆ ಯಾರನ್ನು ಬೇಕೋ ಅವರನ್ನು ಸೇರಿಸಿಕೊಳ್ತೇವೆ' ಅನ್ನುವುದು ನಡೆಯಲ್ಲ. ಕಾಯ್ದೆಯ ಪ್ರಕಾರ ಖಾಸಗಿ ಸಂಸ್ಥೆ ಅಂದರೆ ಕಂಪನಿ, ಟ್ರಸ್ಟ್, ಸಂಘ, ಸಂಸ್ಥೆ ಎಲ್ಲವೂ ಸೇರುತ್ತವೆ. ಈ ಕಾಯ್ದೆಯಡಿ ಬಂದ 2017ರ ಕೇಂದ್ರ ನಿಯಮಗಳಲ್ಲಿ 3ನೇ ನಿಯಮವನ್ನು ಪ್ರತಿಯೊಬ್ಬ ಪೋಷಕರೂ ಗೊತ್ತು ಮಾಡಿಕೊಳ್ಳಬೇಕು. ಅದರಲ್ಲಿ ಎರಡು ಮಾತು ಚಿನ್ನದಂಥವು. ಒಂದು, ಹೊಂದಾಣಿಕೆಗೆ ತಗಲುವ ಖರ್ಚನ್ನು ಪೂರ್ತಿಯಾಗಲಿ, ಭಾಗಶಃ ಆಗಲಿ ವಿಕಲಚೇತನರಿಂದ ವಸೂಲಿ ಮಾಡುವಂತಿಲ್ಲ. 'ಇವನಿಗೆ ಜಾಸ್ತಿ ಗಮನ ಬೇಕು, ಅದಕ್ಕೆ ಡಬಲ್ ಫೀಸ್' ಅನ್ನುವುದು ಇದಕ್ಕೆ ವಿರುದ್ಧ. ಎರಡು, ತಾರತಮ್ಯ ಆಗಿದೆ ಅಂತ ದೂರು ಬಂದರೆ ಸರ್ಕಾರಿ ಸಂಸ್ಥೆಯ, ಅಥವಾ 20 ಇಲ್ಲವೇ ಹೆಚ್ಚು ಜನ ಕೆಲಸಕ್ಕಿರುವ ಖಾಸಗಿ ಸಂಸ್ಥೆಯ ಮುಖ್ಯಸ್ಥರು ಸರಿಪಡಿಸಬೇಕು, ಇಲ್ಲವಾದರೆ ಹೊರಗಿಟ್ಟಿದ್ದು ಯಾಕೆ ನ್ಯಾಯ ಅಂತ ಬರವಣಿಗೆಯಲ್ಲಿ ತಿಳಿಸಬೇಕು.

ಬರವಣಿಗೆಯಲ್ಲಿ ಅನ್ನುವ ಈ ಒಂದು ಮಾತೇ ಬಲವಾದ ಆಯುಧ. ಬಾಯಲ್ಲಿ 'ಆಗಲ್ಲ ಮೇಡಂ' ಅನ್ನೋದು ಸುಲಭ. ಲೆಟರ್‌ಹೆಡ್ ಮೇಲೆ, ಸಹಿ ಹಾಕಿ, 'ಈ ಮಗುವನ್ನು ಇಂಥ ಕಾರಣಕ್ಕೆ ಸೇರಿಸಲಿಲ್ಲ' ಅಂತ ಬರೆಯಲು ಕೂತರೆ ಕಾರಣ ಎಷ್ಟು ಟೊಳ್ಳು ಅಂತ ಬರೆಯುವವರಿಗೇ ಗೊತ್ತಾಗುತ್ತದೆ. ಎಷ್ಟೋ ಸಲ ವಿಷಯ ಅಲ್ಲಿಗೇ ಬಗೆಹರಿಯಬಹುದು.

ಇದರ ಉಲ್ಟಾ ಕೂಡ ನಡೆಯುತ್ತದೆ. 'ಏನಾದರೂ ಆದರೆ ಶಾಲೆ ಹೊಣೆಯಲ್ಲ' ಅಂತ ಪೋಷಕರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಎಲ್ಲ ಮಕ್ಕಳಿಂದಲೂ ಬರೆಸಿಕೊಂಡರೆ ಅದು ಬೇರೆ ಮಾತು. ಈ ಒಂದು ಮಗುವಿನಿಂದ ಮಾತ್ರ ಬರೆಸಿಕೊಂಡರೆ ಅದೇ ತಾರತಮ್ಯದ ಪುರಾವೆ.

ಮೈದಾನದ ಬಗ್ಗೆಯೂ ಒಂದು ಮಾತು. ಎಷ್ಟೋ ಪಾರ್ಕು, ಕ್ರೀಡಾಂಗಣಗಳ ಬಾಗಿಲಲ್ಲಿ ದನ, ಬೈಕು ಒಳಗೆ ಬರಬಾರದು ಅಂತ ಕಬ್ಬಿಣದ ತಿರುಗು ಗೇಟ್ ಹಾಕಿರುತ್ತಾರೆ. ಅದರಲ್ಲಿ ವೀಲ್‌ಚೇರ್ ಕೂಡ ಬರಲ್ಲ. ಒಳಗೆ ಎಂಥ ಟ್ರ್ಯಾಕ್ ಮಾಡಿಸಿದರೂ ಈ ಮಗುವಿಗೆ ಅದು ಇಲ್ಲದಂತೆಯೇ. ಶೌಚಾಲಯಕ್ಕೆ ಮೂರು ಮೆಟ್ಟಿಲಿದ್ದರೆ ಹೆಣ್ಣುಮಕ್ಕಳು ನೀರು ಕುಡಿಯೋದನ್ನೇ ಬಿಡುತ್ತಾರೆ, ಆಮೇಲೆ ಬರೋದನ್ನೂ ಬಿಡುತ್ತಾರೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆ ಆಗಿ ಉಳಿಯಬಾರದು, ಕಡ್ಡಾಯ ಆಗಬೇಕು ಅಂತ ಹೇಳಿತು.

ಡಿಸೆಂಬರ್ 3ರ ಆಚೆಗೆ

ಪ್ರತಿ ವರ್ಷ ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನ. ಅದರ ಅಂಗವಾಗಿ ಜಿಲ್ಲಾ ಮಟ್ಟದಲ್ಲಿ ಕ್ರೀಡಾಕೂಟ ನಡೆಯುತ್ತದೆ. ಓಟ, ಶಾಟ್‌ಪುಟ್, ಮ್ಯೂಸಿಕಲ್ ಚೇರ್, ಒಂದು ಶಾಲು, ಒಂದು ಊಟ. ನಡೆಯಲಿ, ಒಳ್ಳೆಯದೇ. 30ನೇ ಸೆಕ್ಷನ್ ವಿಕಲಚೇತನರಿಗೆಂದೇ ಕ್ರೀಡಾಕೂಟ ನಡೆಸಿ ಅಂತಲೂ ಹೇಳುತ್ತದೆ. ಆದರೆ ಪ್ರತ್ಯೇಕ ಕ್ರೀಡಾಕೂಟ ಇದೆ ಅನ್ನುವುದು ಮಾಮೂಲಿ ಆಟದಿಂದ ಹೊರಗಿಡಲು ನೆಪ ಆಗಬಾರದು. ಕಾಯ್ದೆ ಎರಡನ್ನೂ ಕೇಳುತ್ತದೆ. ವರ್ಷದಲ್ಲಿ ಒಂದು ದಿನ ಓಡಿಸಿ ಉಳಿದ ದಿನ ಕೂರಿಸಿದರೆ ಆ ಮಗು ಕ್ರೀಡಾಪಟು ಆಗೋದು ಹೇಗೆ?

ಸ್ಪರ್ಧೆಯ ದಾರಿ ಹಿಡಿಯುವ ಮಕ್ಕಳಿಗೆ ಬಾಗಿಲುಗಳು ಬೇರೆ ಬೇರೆ. ದೈಹಿಕ ವೈಕಲ್ಯ ಮತ್ತು ದೃಷ್ಟಿದೋಷ ಇರುವವರಿಗೆ ಪ್ಯಾರಾ ಕ್ರೀಡೆಗಳು. ಕಿವಿ ಕೇಳದವರಿಗೆ ಪ್ಯಾರಾಲಿಂಪಿಕ್ಸ್‌ನಲ್ಲಿ ವಿಭಾಗ ಇಲ್ಲ, ಅವರದು ಡೆಫ್ಲಿಂಪಿಕ್ಸ್. ಬೌದ್ಧಿಕ ವೈಕಲ್ಯ ಇರುವ ಮಕ್ಕಳಿಗೆ ಸ್ಪೆಷಲ್ ಒಲಿಂಪಿಕ್ಸ್ ಭಾರತ್, ಪ್ಯಾರಾ ಕ್ರೀಡೆಗಳಲ್ಲೂ ಅವರಿಗೆ ಕೆಲವು ವಿಭಾಗಗಳಿವೆ. ಖೇಲೋ ಇಂಡಿಯಾ ಪ್ಯಾರಾ ಗೇಮ್ಸ್ 2023ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಶುರುವಾಗಿದೆ. ತಪ್ಪು ಬಾಗಿಲು ತಟ್ಟಿ ವರ್ಷಗಟ್ಟಲೆ ಕಳೆದುಕೊಳ್ಳಬಾರದು ಅಂತ ಇಷ್ಟು ಹೇಳಿದೆ.

ಕೇಳೋದು ಹೇಗೆ?

ಮೊದಲು ಮಗುವನ್ನೇ ಕೇಳಿ. ಇದು ಭಾವುಕ ಮಾತಲ್ಲ. ತಮಗೆ ಸಂಬಂಧಿಸಿದ ಎಲ್ಲ ವಿಷಯದಲ್ಲೂ ಅಭಿಪ್ರಾಯ ಹೇಳುವ ಹಕ್ಕನ್ನು 4ನೇ ಸೆಕ್ಷನ್ ವಿಕಲಚೇತನ ಮಕ್ಕಳಿಗೆ ಕೊಟ್ಟಿದೆ. ನಾವು ಚೆಸ್ ಸಾಕು ಅಂದುಕೊಂಡಿರುತ್ತೇವೆ, ಅವನಿಗೆ ಖೋಖೋ ಆಡಬೇಕು ಅಂತಿರುತ್ತದೆ.

ಆಮೇಲೆ ಮುಖ್ಯ ಶಿಕ್ಷಕರಿಗೆ ಒಂದು ಪುಟದ ಅರ್ಜಿ. ಮಗುವಿಗೆ ಏನು ಆಗುತ್ತದೆ, ಏನು ಕಷ್ಟ, ಯಾವ ಬದಲಾವಣೆ ಬೇಕು ಅಂತ ಬಿಡಿಸಿ ಬರೆಯಿರಿ. 'ಕಾನೂನು ಪ್ರಕಾರ ಕ್ರಮ ಕೈಗೊಳ್ಳಿ' ಅಂತ ಬರೆದರೆ ಕಡತ ಸೇರುತ್ತದೆ. 'ಓಟ ಶುರು ಮಾಡುವಾಗ ಬಾವುಟ ತೋರಿಸಿ' ಅಂತ ಬರೆದರೆ ಕೆಲಸ ಆಗುತ್ತದೆ. ಜೊತೆಗೆ ವೈದ್ಯರ ಅಥವಾ ಫಿಸಿಯೋಥೆರಪಿಸ್ಟ್‌ರ ಒಂದು ಚೀಟಿ ಇಟ್ಟರೆ ಶಾಲೆಯ ಭಯವೂ ಕಡಿಮೆ ಆಗುತ್ತದೆ. ದಾವಣಗೆರೆಯಲ್ಲಿ ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ. ಅದನ್ನೂ ಸಿಆರ್‌ಸಿ ಅಂತಲೇ ಕರೆಯುತ್ತಾರೆ, ಅಕ್ಕಪಕ್ಕದ ಶಾಲೆಗಳ ಗುಂಪಿಗೆ (ಕ್ಲಸ್ಟರ್‌ಗೆ) ಇರುವ ಸಿಆರ್‌ಸಿ ಬೇರೆ. ಮಗುವಿಗೆ ಏನು ಆಗುತ್ತದೆ ಅಂತ ತಿಳಿದವರಿಂದ ಕೇಳಲು ಅದು ಒಳ್ಳೆಯ ಜಾಗ. ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ವ್ಯಾಪ್ತಿಯಲ್ಲಿ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ, ವಿಕಲಚೇತನ ಮಕ್ಕಳನ್ನು ಉಳಿದವರ ಜೊತೆಗೇ ಕಲಿಸುವ ಸಮನ್ವಯ ಶಿಕ್ಷಣವೇ ಅವರ ಕೆಲಸ. ಅವರನ್ನು ಪಿ.ಇ. ಟೀಚರ್ ಜೊತೆ ಒಮ್ಮೆ ಕೂರಿಸಿ ಮಾತಾಡಿಸಿ. ಹಳ್ಳಿಯಲ್ಲಾದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ, ಅರ್ಜಿ ಬರೆಯಲು ನೆರವಾಗುತ್ತಾರೆ. ಅರ್ಜಿಗೆ ಸ್ವೀಕೃತಿ ಸಹಿ ಮಾತ್ರ ಮರೆಯಬೇಡಿ.

ಶಾಲೆ ಕೇಳದಿದ್ದರೆ ಬಿಇಒ, ಆಮೇಲೆ ಡಿಡಿಪಿಐ, ಅಂದರೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು. ಕ್ರೀಡಾ ಇಲಾಖೆಯ ಶಿಬಿರ ಆದರೆ ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕಚೇರಿ. ಪ್ರತಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೂ ಕೊಡಿ.

ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು. ವಿಚಾರಣೆ ಮಾಡುವಾಗ ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ತಾರತಮ್ಯದ ದೂರನ್ನು 60 ದಿನದಲ್ಲಿ ಮುಗಿಸಬೇಕು ಅಂತ ಅದೇ 3ನೇ ನಿಯಮ ಹೇಳುತ್ತದೆ. ಆಯುಕ್ತರು ಶಿಫಾರಸು ಮಾಡಿದರೆ ಇಲಾಖೆ 3 ತಿಂಗಳಲ್ಲಿ ಏನು ಮಾಡಿದೆ ಅಂತ ತಿಳಿಸಬೇಕು, ಒಪ್ಪದಿದ್ದರೆ ಯಾಕೆ ಅಂತ ಹೇಳಬೇಕು. ಕಾಯ್ದೆ ಮೀರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ. ಎಲ್ಲರೆದುರು ಮಗುವನ್ನು ಬೇಕೆಂದೇ ಅವಮಾನಿಸಿದರೆ ಅದು 92ನೇ ಸೆಕ್ಷನ್‌ನ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಕ್ಕಳಿಗೂ ವಿಕಲಚೇತನರಿಗೂ ಉಚಿತ ಕಾನೂನು ನೆರವು ಸಿಗಬೇಕು, ಮನೆಯ ಆದಾಯ ಎಷ್ಟೇ ಇರಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಬಹುದು, ತಾಲ್ಲೂಕಿನಲ್ಲಾದರೆ ಕಾನೂನು ಸೇವಾ ಸಮಿತಿ. ಫೋನಿಗೆ 15100.

ಅರ್ಜಿ ಕೊಡಲು ಒಳ್ಳೆಯ ಸಮಯ ಜೂನ್, ಶಾಲೆ ಶುರುವಾಗುತ್ತಿದ್ದ ಹಾಗೆ. ವಲಯ ಮಟ್ಟದ ಕ್ರೀಡಾಕೂಟದ ಹಿಂದಿನ ದಿನ ಕೊಟ್ಟರೆ 'ಈಗ ಪಟ್ಟಿ ಹೋಗಿದೆ' ಅನ್ನುತ್ತಾರೆ. ಜೂನ್‌ನಲ್ಲಿ ಕೊಟ್ಟರೆ ಸದ್ದಿನ ಚೆಂಡು ತರಿಸಲು, ಟೀಚರ್‌ಗೆ ಹೇಳಿಕೊಡಲು, ಮಗುವಿಗೆ ಅಭ್ಯಾಸ ಆಗಲು ಸಮಯ ಇರುತ್ತದೆ. 'ತಡವಾಯಿತು' ಅನ್ನುವ ನೆಪ ಯಾರಿಗೂ ಉಳಿಯುವುದಿಲ್ಲ.